ಕಲ್ಲಿನ ಹೆಗಲಿಗೊಂದು ಬೈರಾಸು

ಕುವೈತಿನ ಫಿಂಟಾಸ್ ಕಡಲ ದಂಡೆಯಲ್ಲಿ ಬೆಳಕು ಹರಿಯುವ ಹೊತ್ತಿಗೇ ಸೆಕೆ ಏರಿದೆ. ಸೇಸಪ್ಪ ಅಟ್ಟಣಿಗೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಸಿಮೆಂಟಿನ ಗಂಡಸೊಬ್ಬನ ಕಿವಿಯೊಳಗಿನ ಮರಳನ್ನು ಬ್ರಷ್ಷಿನಿಂದ ಕೆದಕಿ ತೆಗೆಯುತ್ತಿದ್ದಾರೆ. ನಿನ್ನೆಯ ಧೂಳುಗಾಳಿ ನಾಲ್ಕೂ ವಿಗ್ರಹಗಳ ಕಣ್ಣು, ಮೂಗು, ಗಡ್ಡದೊಳಗೆ ಮರಳು ತುಂಬಿ ಹೋಗಿದೆ. ಕೈ ನಿಲ್ಲುವುದಿಲ್ಲ, ಕಣ್ಣು ಮಾತ್ರ ಮತ್ತೆ ಮತ್ತೆ ರಸ್ತೆಯ ಕಡೆ ಓಡುತ್ತದೆ. ಇವತ್ತು ಇಂಜಿನಿಯರ್ ಫಾರಿಸ್ ಬರುತ್ತಾರೆ. ಅವರು ಒಪ್ಪಿದರೆ ಸೇಸಪ್ಪನವರ ಇಕಾಮಾ, ಅಂದರೆ ಈ ದೇಶದಲ್ಲಿ ಇರುವ ಪರವಾನಗಿ, ಮುಂದುವರಿಯುತ್ತದೆ. ಒಪ್ಪದಿದ್ದರೆ ಖಲಾಸ್. ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಹೇಳಿ ಕಳಿಸಿದ್ದು ಅಷ್ಟೇ.

ವಿಯೆನ್ನಾ ನಗರದ ಹಳೆಯ ಅರಮನೆಗಳ ಹೆಬ್ಬಾಗಿಲಲ್ಲಿ ಕಲ್ಲಿನ ಕಟ್ಟಾಳುಗಳು ಬಾಲ್ಕನಿಯನ್ನು ಹೆಗಲ ಮೇಲೆ ಹೊತ್ತು ನಿಂತಿರುತ್ತಾರೆ. ಯೂರೋಪಿಗೆ ಹೋದವರು ಅವರೆದುರು ಫೋಟೊ ತೆಗೆಸಿಕೊಳ್ಳುತ್ತಾರೆ. ಹಾಗೆ ಹೋಗಿ ಬಂದ ಸಿರಿವಂತರೊಬ್ಬರಿಗೆ ಕುವೈತಿನ ಕಡಲೆದುರು ಅಂಥದೇ ಕಾಫಿಮನೆ ಬೇಕೆನಿಸಿದೆ. ಕಮಾನು, ಕಂಬ, ಕಿಟಕಿಯ ಮೇಲಿನ ಹೂಬಳ್ಳಿ ಎಲ್ಲವೂ ವಿಯೆನ್ನಾದ ನಕಲು. ಬಾಲ್ಕನಿ ಹೊರುವ ನಾಲ್ವರನ್ನು ಮಾಡಿದವರು ಮಾತ್ರ ಮುಲ್ಕಿ ಕಡೆಯ ಸೇಸಪ್ಪ. ಮುಂದೆ ಬಾಗಿಲು ತೆರೆದಾಗ ಕಾಫಿಗೆ ಬರುವವರು ಇದನ್ನು ಕೇಳುವುದಿಲ್ಲ, ಕೇಳಬೇಕೆಂದು ತೋಚುವುದೂ ಇಲ್ಲ. ಕಪ್ಪಿನ ಫೋಟೊ ತೆಗೆಯುವುದರಲ್ಲೇ ಅವರ ಕಾಫಿ ಆರಿಹೋಗಿರುತ್ತದೆ.

ಸೇಸಪ್ಪನವರ ತಂದೆ ಮಂಗಳೂರಿನ ಹಳೇ ಬಂದರಿನಲ್ಲಿ ಮಂಜಿ ದೋಣಿಗಳಿಗೆ ಮೂಟೆ ಹೊರುತ್ತಿದ್ದವರು. ಮಗ ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಅದೇ ಮೂಟೆಗೆ ಹೆಗಲು ಕೊಟ್ಟರು. ಆಮೇಲೆ ದಸರಾ ಮೆರವಣಿಗೆಯ ಟ್ಯಾಬ್ಲೊ ಮಾಡುವವರ ಜೊತೆ ಸೇರಿ ಬೈಹುಲ್ಲು, ಗೋಣಿ, ಪ್ಲಾಸ್ಟರಿನಲ್ಲಿ ರಾವಣನನ್ನೂ ಮಹಿಷಾಸುರನನ್ನೂ ಎಬ್ಬಿಸುವುದನ್ನು ಕಲಿತರು. ಕುವೈತಿಗೆ ಬಂದದ್ದು ಜಿಪ್ಸಮ್ ಸೀಲಿಂಗ್ ಕೆಲಸಕ್ಕೆ. ಈಗ ಶುಐಬಾದ ತಗಡಿನ ಶೆಡ್ಡಿನಲ್ಲಿ ಅಚ್ಚು ತೆಗೆಯುವ ಕೆಲಸ. ಜೇಡಿಮಣ್ಣಿನಲ್ಲಿ ಆಕೃತಿ ಮಾಡಬೇಕು, ಅದರ ಮೇಲೆ ರಬ್ಬರಿನ ಅಚ್ಚು, ಅಚ್ಚಿನೊಳಗೆ ನಾರು ಬೆರೆಸಿದ ಸಿಮೆಂಟು. ಸಿಮೆಂಟು ತಿಂದು ಬೆರಳ ಸಂದಿಗಳು ಒಡೆದಿವೆ. ಊಟಕ್ಕೆ ಕೂತರೆ ಉಪ್ಪಿನಕಾಯಿ ಮುಟ್ಟುವಂತಿಲ್ಲ.

ಶೆಡ್ಡಿನಲ್ಲಿ ಮೊದಲು ಆರು ಮಂದಿ ಇದ್ದರು. ಫೋಮಿನಲ್ಲಿ ಆಕೃತಿ ಕೊರೆಯುವ ಯಂತ್ರ ಬಂದ ಮೇಲೆ ಇಬ್ಬರು ಉಳಿದಿದ್ದಾರೆ.

"ಮೆಷಿನ್ನಿಗೆ ಇಕಾಮಾ ಬೇಡ ಅಲ್ವಾ," ಎನ್ನುತ್ತಾರೆ ಸೇಸಪ್ಪ. "ಊರಿಗೂ ಹೋಗ್ಬೇಕು ಅಂತ ಹೇಳುದಿಲ್ಲ ಅದು."

ಇಂಥ ಹೊತ್ತಿನಲ್ಲೇ ಅವರು ಒಂದು ತಪ್ಪು ಮಾಡಿದ್ದಾರೆ. ಮಾದರಿಗೆಂದು ಕೊಟ್ಟ ವಿಯೆನ್ನಾದ ಫೋಟೊಗಳಲ್ಲಿ ನಾಲ್ವರೂ ಬರೀ ಹೆಗಲಿನವರು. ಸೇಸಪ್ಪ ಜೇಡಿ ಮೆತ್ತುತ್ತ ಮೆತ್ತುತ್ತ ಮೊದಲನೆಯವನ ಹೆಗಲಿಗೂ ಬಾಲ್ಕನಿಗೂ ನಡುವೆ ಮಡಿಸಿದ ಬೈರಾಸೊಂದನ್ನು ಇಟ್ಟುಬಿಟ್ಟರು. ನಮ್ಮ ಕರಾವಳಿಯಲ್ಲಿ ಮೂಟೆ ಹೊರುವವರು ಹೆಗಲಿಗೆ ಹಾಕಿಕೊಳ್ಳುವ ಅದೇ ಒರಟು ಟವೆಲ್ಲು. ಎರಡನೆಯವನಿಗೂ ಬಂತು, ಮೂರನೆಯವನಿಗೂ ಬಂತು.

"ಬೇಕೂಂತ ಮಾಡಿದ್ದಲ್ಲ," ಎನ್ನುತ್ತಾರೆ. "ಬರೀ ಹೆಗಲಿಗೆ ಕಲ್ಲು ಇಟ್ರೆ ಚರ್ಮ ಎದ್ದು ಬರ್ತದೆ. ನನ್ನ ಅಪ್ಪನಿಗೆ ಬಂದದ್ದು ನೋಡಿದ್ದೇನೆ. ಕೈ ತನ್ನಷ್ಟಕ್ಕೇ ಇಟ್ಟಿತು."

ಮೂವರೂ ಪ್ಲಾಸ್ಟಿಕ್ ಸುತ್ತಿಕೊಂಡು ಫಿಂಟಾಸ್ ಸೇರಿದ ಮೇಲೆ, ನಾಲ್ಕನೆಯವನ ಜೇಡಿ ಹಸಿಯಿರುವಾಗ ಫೋರ್‌ಮನ್ ಡೋಲ್ಫಿ ಇದನ್ನು ಕಂಡರು. ಗಾಬರಿಯಲ್ಲಿ ಅವರಿಗೆ ತೋಚಿದ್ದು ಒಂದೇ: ಇದೊಂದಾದರೂ ಫೋಟೊದ ಹಾಗೆ ಇರಲಿ. ಬೈರಾಸು ಕಿತ್ತು ಹಾಕಿಸಿದರು. ಈಗ ನಾಲ್ವರೂ ಸಾಲಾಗಿ ನಿಂತಾಗ ಆ ಬುದ್ಧಿಯ ಫಲ ಬೀದಿಗೆಲ್ಲ ಕಾಣುತ್ತಿದೆ. ಮೂವರು ಭಾರ ಹೊತ್ತಿದ್ದಾರೆ. ನಾಲ್ಕನೆಯವನ ಹೆಗಲಿಗೂ ಬಾಲ್ಕನಿಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು.

ಡೋಲ್ಫಿ ಬೆವರೊರೆಸುತ್ತ ಬಂದು ಕೆಳಗೆ ನಿಂತಿದ್ದಾರೆ. ಊರ ಕಡೆ ಕ್ರೈಸ್ತರನ್ನು ಕರೆಯುವ ಹಾಗೆ ಸೇಸಪ್ಪ ಅವರನ್ನು ಪೊರ್ಬುಳು ಎನ್ನುವುದು.

"ಸೇಸಪ್ಪಣ್ಣ, ಇಂಜಿನಿಯರ್ ಎಂತ ಕೇಳಿದ್ರೂ ನೀವು ಬಾಯಿ ಬಿಡ್ಬೇಡಿ."

"ನಾನು ಬಿಡುದಿಲ್ಲ ಪೊರ್ಬುಳೇ. ಸಂದು ಬಾಯಿ ಬಿಟ್ಟು ಕೂತಿದೆಯಲ್ಲ, ಅದಕ್ಕೆ ಯಾರು ಹೇಳುದು?"

"ತಮಾಷೆ ನಿಮಗೆ! ಇದು ಫೇಲಾದ್ರೆ ಇಬ್ರೂ ಒಂದೇ ವಿಮಾನದಲ್ಲಿ."

"ಆಗ್ಲಿ, ಕಿಟಕಿ ಸೀಟು ನನಗೆ," ಎಂದು ಸೇಸಪ್ಪ ಇನ್ನೊಂದು ಕಿವಿಗೆ ಬ್ರಷ್ಷು ಹಾಕುತ್ತಾರೆ.

ಬಿಳಿ ಕಾರು ಬಂದು ನಿಲ್ಲುತ್ತದೆ. ಫಾರಿಸ್ ಇಳಿದು ಕನ್ನಡಕ ತೆಗೆದು, ಫೋನಿನ ಫೋಟೊವನ್ನೂ ಗೋಡೆಯನ್ನೂ ಬಹಳ ಹೊತ್ತು ನೋಡುತ್ತಾರೆ. ಸೇಸಪ್ಪ ಅಟ್ಟಣಿಗೆಯ ಕಂಬ ಹಿಡಿದು ನಿಂತಿದ್ದಾರೆ. ಫಾರಿಸ್ ಬೆರಳೆತ್ತಿ ನಾಲ್ಕನೆಯವನನ್ನು ತೋರಿಸುತ್ತಾರೆ.

"ಹಾದಾ ಮಾಫಿ ಶುಗಲ್!" ಇವನು ಕೆಲಸವೇ ಮಾಡುತ್ತಿಲ್ಲ ಎಂದು ಅದರ ಅರ್ಥ.

ಡೋಲ್ಫಿ ತಡವರಿಸಿ ಏನೋ ಹೇಳಹೋಗುತ್ತಾರೆ. ಫಾರಿಸ್ ಕೈಯೆತ್ತಿ ತಡೆಯುತ್ತಾರೆ. ಅವರಿಗೆ ವಿಯೆನ್ನಾವೂ ಬೇಡ, ಬೈರಾಸೂ ಬೇಡ. ಉದ್ಘಾಟನೆ ಹತ್ತಿರ ಬಂದಿದೆ, ಮೂವರನ್ನು ಒಡೆದು ಮಾಡಿಸಲು ಪುರುಸೊತ್ತಿಲ್ಲ. ನಾಲ್ವರೂ ಒಂದೇ ತರ ಕಾಣಬೇಕು, ಇವನಿಗೂ ಬಟ್ಟೆ ಹಾಕಿ, ಹೊತ್ತೇರುವ ಮೊದಲು ಅಟ್ಟಣಿಗೆ ಬಿಚ್ಚಿ ಫೋಟೊ ಕಳಿಸಿ, ಆಮೇಲೆ ಹೇಳುತ್ತೇನೆ. ಇಷ್ಟು ಹೇಳಿ ಯಲ್ಲಾ, ಬೇಗ ಬೇಗ, ಎಂದು ಕಾರು ಹತ್ತುತ್ತಾರೆ.

ಬಟ್ಟೆಯ ಆಕಾರ ಮಾಡಲು ಬೇಕಾದ ಗೋಣಿ ಇರುವುದು ಶುಐಬಾದ ಶೆಡ್ಡಿನಲ್ಲಿ. ವ್ಯಾನು ಹೋಗಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ, ಬೇಸಿಗೆಯ ಮಧ್ಯಾಹ್ನ ಇಲ್ಲಿ ಹೊರಗೆ ಕೆಲಸ ಮಾಡುವಂತಿಲ್ಲ. ಸೇಸಪ್ಪ ತಮ್ಮ ತಲೆಗೆ ಸುತ್ತಿದ ಬೈರಾಸನ್ನು ಬಿಚ್ಚಿ, ಬಕೆಟಿನ ಸಿಮೆಂಟು ಗಂಜಿಯಲ್ಲಿ ಅದ್ದಿ, ಹಿಂಡಿ, ನಾಲ್ಕು ಮಡಿಕೆ ಮಾಡಿ ಸಂದಿಗೆ ತೂರಿಸುತ್ತಾರೆ. ಮೇಲೊಂದು ಕೋಟು ಸಿಮೆಂಟು, ಅದು ಬಿಗಿದ ಮೇಲೆ ಇನ್ನೊಂದು. ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಅವನ ಎದೆಯ ಮೇಲೆ ಇಳಿಬಿಡುತ್ತಾರೆ. ಬರಿದಾದ ನೆತ್ತಿ ಬಿಸಿಲಿಗೆ ಕೆಂಪಾಗುತ್ತದೆ.

"ಈಗ ನೋಡಿ ಪೊರ್ಬುಳೇ, ಇವನ ಮುಖವೇ ಬೇರೆ ಆಯ್ತು."

"ಮುಖ ಅಲ್ಲಿರ್ಲಿ ಮಾರಾಯ್ರೆ, ಅದು ಬೀಳುದಿಲ್ಲ ಅಲ್ಲಾ?"

"ಹೆಗಲು ಬೀಳ್ಬಹುದು. ಬೈರಾಸು ಬೀಳುದಿಲ್ಲ."

ಅಟ್ಟಣಿಗೆ ಬಿಚ್ಚಿ ತೆಗೆದ ಫೋಟೊ ಫಾರಿಸ್ ಅವರಿಗೆ ಹೋಗುತ್ತದೆ. ಮಧ್ಯಾಹ್ನ ಇಳಿದು ಮಸೀದಿಯಲ್ಲಿ ಅಸರ್ ಬಾಂಗು ಕೂಗುವ ಹೊತ್ತಿಗೆ ಡೋಲ್ಫಿಯ ಫೋನಿಗೆ ಫಾರಿಸ್ ಕಳಿಸಿದ ಹೆಬ್ಬೆರಳೆತ್ತಿದ ಚಿತ್ರವೊಂದು ಬರುತ್ತದೆ. ಅದರ ಹಿಂದೆಯೇ, ಇಕಾಮಾ ಮುಂದುವರಿಸಲು ಪಾಸ್‌ಪೋರ್ಟ್ ಕಳಿಸಿ ಎಂದು ಆಫೀಸಿನ ಕರೆ. ಇಕಾಮಾ ಒಂದೇ ವರ್ಷಕ್ಕಂತೆ.

ಸೇಸಪ್ಪ ಚಿಂತಿಸುತ್ತಿರುವುದು ಮಾತ್ರ ಹೆಂಡತಿ ಹರಿಣಾಕ್ಷಿಯ ಬಗ್ಗೆ. ಕಳೆದ ಸಲ ಊರಿಗೆ ಹೋದಾಗ ಆ ಬೈರಾಸನ್ನು ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿದ್ದು ಆಕೆಯೇ.

"ಫೋನಿನಲ್ಲಿ ಬರೀ ತಲೆ ನೋಡಿದ್ರೆ ಕೇಳಿಯೇ ಕೇಳ್ತಾಳೆ, ಎಲ್ಲಿ ಬಿಸಾಡಿದ್ರಿ ಅಂತ," ಎಂದು ಮೇಲೆ ನಾಲ್ಕನೆಯವನ ಕಡೆ ನೋಡಿ ನಗುತ್ತಾರೆ. "ಹೆಗಲ ಮೇಲೆಯೇ ಉಂಟು ಮಾರಾಯ್ತಿ ಅಂತೇನೆ. ಯಾರ ಹೆಗಲು ಅಂತ ಕೇಳಿದ್ರೆ ಆಗ ನೋಡುವ."