ಲವೊನ್ ಮತ್ತು ಐದನೇ ಬುಟ್ಟಿಯ ಕೊಳ

ಲವೊನ್ ಕ್ರೇಮರ್ ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ದೊಡ್ಡ ಪಾತ್ರೆಗಳನ್ನು ಎತ್ತಿ ಎತ್ತಿ ಅವಳ ಬಲಭುಜ ಹೋಯಿತು. ಆಮೇಲೆ ಡಿಸ್ಕ್ ಗಾಲ್ಫ್ ಕಲಿತಳು: ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ಎಸೆದು, ಬಿದ್ದಲ್ಲಿಂದಲೇ ಮತ್ತೆ ಎಸೆಯುತ್ತ, ಕಂಬದ ಮೇಲಿನ ಬುಟ್ಟಿಗೆ ಬೀಳಿಸುವ ಆಟ. ಅವಳ ಡಿಸ್ಕ್ ಅಂಗಡಿಯಲ್ಲಿದ್ದ ಅತಿ ಹಗುರದ್ದು, ನೂರೈವತ್ತು ಗ್ರಾಮಿನದು. ಗಂಡಸರು ನಕ್ಕರು. ಈಗ ಅವಳ ಡಿಸ್ಕ್ ಅವರದನ್ನು ದಾಟಿ ಬೀಳುತ್ತದೆ. ಯಾರೂ ನಗುವುದಿಲ್ಲ.

ನನ್ನ ಗಂಡ ಓರಿನ್ ಪ್ರತಿ ಬುಧವಾರ ಆ ಗುಂಪಿನ ಜೊತೆ ಆಡುತ್ತಿದ್ದ. ನಾನು ಕಾರಿನಲ್ಲಿ ಕೂತು ಹೆಣೆಯುತ್ತಿದ್ದೆ. ಹೋದ ವರ್ಷ ಅಕ್ಟೋಬರಿನಲ್ಲಿ ಅವನು ಸತ್ತ.

ಆ ಗುಂಪಿನಲ್ಲಿ ಒಂದು ರೂಢಿಯಿದೆ. ಆಟಗಾರ ಸತ್ತು ವರ್ಷ ತುಂಬಿದ ದಿನ ಎಲ್ಲರೂ ಐದನೇ ಬುಟ್ಟಿಯ ಮುಂದಿನ ಕೊಳದಾಚೆಗೆ ಒಂದೊಂದು ಡಿಸ್ಕ್ ಎಸೆಯುತ್ತಾರೆ. ಮನೆಯವರಿಗೆ ಎಸೆಯಲು ಬಾರದಿದ್ದರೆ ಅವರ ಪರವಾಗಿ ಬೇರೆಯವರು ಎಸೆಯುತ್ತಾರೆ. ಓರಿನ್‌ಗೆ ನನ್ನ ಪರವಾಗಿ ಇನ್ನೊಬ್ಬರು ಎಸೆಯುವುದು ನನಗೆ ಬೇಡವಾಗಿತ್ತು.

ಮೇ ತಿಂಗಳಲ್ಲಿ ಅವನ ಚೀಲ ಹೊತ್ತು ಹೋದೆ. ಎಲ್ಲವೂ ನೂರೆಪ್ಪತ್ತೈದು ಗ್ರಾಮಿನವು. ಎಸೆದದ್ದೆಲ್ಲ ಎಡಕ್ಕೆ ವಾಲಿ ನೀರಿಗೆ ಬಿತ್ತು. ಲವೊನ್ ಸೊಂಟದವರೆಗಿನ ರಬ್ಬರ್ ಬೂಟು ಹಾಕಿ, ಕೊಳಕ್ಕಿಳಿದು ಒಂದೊಂದನ್ನೇ ತೆಗೆದು ದಡಕ್ಕೆ ಹಾಕಿದಳು.

"ಭಾರ ಇದ್ರೆ ದೂರ ಹೋಗತ್ತೆ ಅಂತ ಯಾರೇ ಹೇಳಿದ್ದು ನಿಂಗೆ?"

"ಓರಿನ್ ಇದನ್ನೇ ಎಸೀತಿದ್ದ."

"ಅವನದು ಬೇಲಿ ಕಂಬ ನೆಟ್ಟ ತೋಳು ಕಣೇ. ನಿನ್ನದು ಹೆಣಿಗೆ ಕಡ್ಡಿ ಹಿಡಿದಿದ್ದು. ಭಾರದ್ದಕ್ಕೆ ವೇಗ ಸಾಲ್ದೆ ಇದ್ರೆ ಹೀಗೇ ಎಡಕ್ಕೆ ಬೀಳೋದು. ಮೊದ್ಲು ಹಗುರದ್ದು ಎಸಿ."

ಅವಳದೇ ಒಂದನ್ನು ಕೊಟ್ಟಳು. ಓರಿನ್ನನ ಗೆಳೆಯ ಗ್ಯಾರೊಲ್ಡ್ ಅಲ್ಲೇ ನಿಂತಿದ್ದ, ನನ್ನ ಕೈಲಿದ್ದದ್ದನ್ನು ನೋಡಿದ.

"ಆರ್ಡಿಸ್ ಅಕ್ಕಂಗೂ ಮಕ್ಕಳ ತಟ್ಟೆ ಬಂತಾ? ಊಟಾನೂ ಬಡಿಸ್ತೀಯಾ ಲವೊನ್?"

"ಶಾಲೇಲಿ ನಿಂಗೆ ಬಡಿಸಿ ಬಡಿಸೇ ನನ್ನ ಭುಜ ಹೋಗಿದ್ದು. ಸುಮ್ನಿರೋ."

ಹಗುರದ್ದು ನೆಟ್ಟಗೆ ಹೋಯಿತು. ಆದರೆ ಕೊಳದ ನಡುವೆಯೇ ಬಿತ್ತು. ವಾರಗಟ್ಟಲೆ ಅಷ್ಟೇ. ಒಂದು ಸಂಜೆ ಲವೊನ್ ಕೇಳಿದಳು.

"ಮನೆ ಮುಂದಿನ ಹುಲ್ಲು ಯಾರು ಕತ್ತರಿಸೋದು?"

"ಈಗ ನಾನೇ."

"ಮಷೀನ್ ಶುರು ಮಾಡೋಕೆ ಹಗ್ಗ ಎಳೀತೀಯಲ್ಲ, ಅದು ತೋರಿಸು."

ತೋರಿಸಿದೆ. ಓರಿನ್ನನ ಹಳೇ ಮಷೀನು ಬರೀ ಕೈಗೆ ಬಗ್ಗುವುದಿಲ್ಲ. ಕಾಲೂರಿ, ಸೊಂಟ ತಿರುಗಿಸಿ ಎಳೆಯಬೇಕು. ಅವನಿಲ್ಲದ ಆ ಬೇಸಿಗೆಯ ಶುರುವಿನಲ್ಲೇ ಅದನ್ನು ಒದ್ದು, ಬೈದು, ಅತ್ತು ಕಲಿತಿದ್ದೆ.

"ಬರತ್ತಲ್ಲ ನಿಂಗೆ," ಅಂದಳು ಲವೊನ್. "ಡಿಸ್ಕ್ ಎದೆ ಪಕ್ಕದಲ್ಲೇ ಬರ್ಲಿ. ಸೊಂಟ ಮೊದ್ಲು, ಕೈ ಆಮೇಲೆ. ನನಗೆ ಭುಜ ಇಲ್ಲ. ನಾನು ಎಸೆಯೋದೂ ಹಾಗೇ."

ಆಗಸ್ಟ್ ಮುಗಿಯುವಷ್ಟರಲ್ಲಿ ಹಗುರದ್ದು ಕೊಳ ದಾಟಿತು. ಮನೆಗೆ ಹೋಗಿ ಅದನ್ನು ಯಾರಿಗೆ ಹೇಳಲಿ ಎಂದು ಅಡುಗೆಮನೆಯಲ್ಲಿ ನಿಂತಿದ್ದೆ.

ವರ್ಷ ತುಂಬಿದ ದಿನ ಎದುರುಗಾಳಿ. ಗುಂಪಿನವರೆಲ್ಲ ಎಸೆದರು. ನನ್ನ ಸರದಿ ಬಂತು. ಹಗುರದ್ದನ್ನು ಕೈಗೆ ತೆಗೆದುಕೊಂಡೆ. ಲವೊನ್ ತಲೆಯಾಡಿಸಿದಳು.

"ಇವತ್ತು ಬೇಡ. ಈ ಗಾಳೀಲಿ ಗಾಳಿಪಟದ ತರ ಮೇಲಕ್ಕೆ ಎದ್ದುಬಿಡತ್ತೆ."

ಓರಿನ್ನನ ಚೀಲದಿಂದ ಕಿತ್ತಳೆ ಬಣ್ಣದ್ದೊಂದನ್ನು ತೆಗೆದಳು. ಮೊಂಡು ಅಂಚಿನದು, ನೂರೆಪ್ಪತ್ತೈದು. ಅಡಿಯಲ್ಲಿ ಅವನ ಅಕ್ಷರದಲ್ಲಿ ಅವನ ಹೆಸರು.

"ಇದು ಭಾರ ಇದೆ, ಗಾಳಿಗೆ ಏಳಲ್ಲ. ಆದ್ರೆ ನಿಧಾನದ್ದು, ಜಾಸ್ತಿ ವೇಗ ಬೇಡ. ಈಗ ನಿನ್ನ ಮಾತು ಕೇಳತ್ತೆ."

"ನೀರಿಗೆ ಬಿದ್ರೆ?"

"ಬೂಟು ತಂದಿದೀನಿ."

ಕಾಲೂರಿದೆ. ಹಗ್ಗ ಎಳೆದಂತೆ ಎಳೆದೆ. ಡಿಸ್ಕ್ ತಗ್ಗಿನಲ್ಲೇ ಗಾಳಿ ಸೀಳಿಕೊಂಡು ಹೋಯಿತು. ಆಚೆ ದಡದ ಇಳಿಜಾರಿಗೆ ಬಿದ್ದು ಹಿಂದಕ್ಕೆ ಜಾರಿತು. ನೀರು ಚಿಮ್ಮಿತು.

ಕೊಳ ಸುತ್ತಿ ಎಲ್ಲರೂ ಅಲ್ಲಿಗೆ ಹೋದೆವು. ಗ್ಯಾರೊಲ್ಡ್ ಮಂಡಿಯೂರಿ ನೋಡಿದ. ಡಿಸ್ಕಿನ ಮುಕ್ಕಾಲು ಭಾಗ ನೀರಲ್ಲಿತ್ತು. ಒಂದು ಅಂಚು ಹುಲ್ಲಿನ ಮೇಲಿತ್ತು.

"ಅಂಚು ಒಣನೆಲ ಮುಟ್ಟಿದೆ," ಅಂದ. "ಆಟದ ನಿಯಮದಲ್ಲಿ ಇದು ದಾಟಿದ ಹಾಗೇ. ಅಕ್ಕಾ, ಆಯ್ತು."

ಲವೊನ್ ಅದನ್ನು ಎತ್ತಲು ಬಗ್ಗಿದಳು.

"ಬಿಡು," ಅಂದೆ. "ಮುಂದಿಂದು ಇಲ್ಲಿಂದಲೇ ಎಸೀಬೇಕಲ್ಲ."

ಅವಳು ಪಕ್ಕಕ್ಕೆ ಸರಿದಳು. ನಾನು ಕೆಸರಿಗೆ ಇಳಿದು ಓರಿನ್ನನ ಡಿಸ್ಕಿನ ಹಿಂದೆ ನಿಂತೆ. ಬುಟ್ಟಿ ಇನ್ನೂ ದೂರವಿತ್ತು. ಗಾಳಿ ತಗ್ಗಿತ್ತು. ಲವೊನ್ ಹಗುರದ್ದನ್ನು ನನ್ನ ಕೈಗಿಟ್ಟಳು.