ಚೀನೀ ವೈದ್ಯ ಹೇಳಿದ ಹವಾ

ಕೊಲ್ಲಿ ದೇಶದ ಅದ್ಲಿಯಾ ಬಡಾವಣೆಯಲ್ಲಿರುವ ನನ್ನ ಮಳಿಗೆಯನ್ನು ಒಬ್ಬ ಚೀನೀ ವೈದ್ಯ ಬಾಡಿಗೆಗೆ ಕೇಳಿದ್ದ. ಚೌಕಾಸಿಯ ನಡುವೆ ಹರಕು ಹಿಂದಿಯಲ್ಲಿ, "ಸೇಠ್, ನಾಲಿಗೆ ಚಾಚಿ," ಅಂದ. ಚಾಚಿದೆ.

"ಒಂದು ಕಡೆಗೆ ವಾಲಿದೆ. ಹವಾ!"

"ಬೆಳಿಗ್ಗೆ ಕಡಲೆ ತಿಂದಿದ್ದೆ ಮಾರಾಯ, ಗ್ಯಾಸು," ಎಂದು ನಕ್ಕೆ.

"ಹೊಟ್ಟೆಯದ್ದಲ್ಲ," ಎಂದವನು ತನ್ನ ಕೆನ್ನೆಯನ್ನು ಅಂಗೈಯಿಂದ ಕೆಳಗೆ ಜಗ್ಗಿ ತೋರಿಸಿದ. ಪಾರ್ಶ್ವವಾಯು! ಅವರ ಭಾಷೆಯಲ್ಲೂ ಅದು ಗಾಳಿಯೇ ಅಂತೆ.

ಬಾಡಿಗೆ ಇಳಿಸಲು ಹೆದರಿಸುತ್ತಿದ್ದಾನೆ ಅಂದುಕೊಂಡೆ. "ನಾಟಕ ಬೇಡ" ಎನ್ನಲು ಹೋದರೆ ಬಾಯಿ "ನಾಳಕ" ಅಂದಿತು.

"ನನ್ನ ಔಷಧಿ ಬೇಡ, ಆಸ್ಪತ್ರೆಗೆ ನಡೀರಿ!" ಎಂದು ಅವನೇ ಆಂಬುಲೆನ್ಸ್ ಕರೆದ. ದಾರಿಯುದ್ದಕ್ಕೂ ಮಗಳ ಹೆಸರು ಹೇಳಲು ನೋಡುತ್ತಿದ್ದೆ, ಬರುತ್ತಿರಲಿಲ್ಲ.

ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಡಾಕ್ಟರರು ಸಕಾಲಕ್ಕೆ ಕರಗಿಸಿದರು. ಮಾತು ಮರಳಿತು. ಮಳಿಗೆ ಅವನು ಹೇಳಿದ ಬಾಡಿಗೆಗೇ ಹೋಯಿತು. ಅವನ ಮುಂದೆ ಚೌಕಾಸಿ ಮಾಡಲು ಮಾತ್ರ ಬಾಯಿ ಬರಲಿಲ್ಲ.