ಠಾಣೆಯ ಹಿಂದೆ ಕೂಗಿದ ಕಡವೆ

ಚುನಾವಣೆ ಬಂತೆಂದರೆ ನಮ್ಮ ಕಡಬದ ಕಡೆಯ ಕೃಷಿಕರು ತೋಟ ಕಾಯುವ ಕೋವಿಯನ್ನು ಠಾಣೆಯಲ್ಲಿ ತಂದಿಡಬೇಕು. ಆ ಸಲ ಬರೆದುಕೊಳ್ಳುವ ಕಾನ್‌ಸ್ಟೇಬಲ್ ನಾನು. ಕೋವಿ ಎಂತಕ್ಕೆ ಎಂದು ಕೇಳಿದರೆ ಸಾಲಿನಲ್ಲಿದ್ದ ಅಷ್ಟೂ ಜನರದ್ದು ಒಂದೇ ಉತ್ತರ: "ಮಂಗ ಓಡಿಸುದಕ್ಕೆ ಸಾರ್. ಬೇರೆ ಪ್ರಾಣಿಯ ಸುದ್ದಿಗೇ ಹೋಗುದಿಲ್ಲ."

ಇಷ್ಟೊಂದು ಸಾಧುಗಳನ್ನು ಒಟ್ಟಿಗೆ ನೋಡಿ ನನಗೆ ತಡೆಯಲಾಗಲಿಲ್ಲ. ನೀರು ಕುಡಿಯುವ ನೆವದಲ್ಲಿ ಠಾಣೆಯ ಹಿಂದೆ ಹೋಗಿ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಹೆಣ್ಣನ್ನು ಕರೆಯುವ ಗಂಡು ಕಡವೆಯ ಹಾಗೆ ಒಮ್ಮೆ ಕೂಗಿದೆ.

ಕಿಟಕಿಯಲ್ಲಿ ಇಣುಕಿದರೆ ಇಡೀ ಸಾಲು ಸ್ತಬ್ಧ. ಒಬ್ಬರು ಬೆರಳು ಒದ್ದೆ ಮಾಡಿ ಗಾಳಿ ಎತ್ತ ಎಂದು ನೋಡುತ್ತಿದ್ದರು. ಇನ್ನೊಬ್ಬರು ಖಾಲಿ ಕೋವಿಯನ್ನು ಹೆಗಲಿಗೆ ಆನಿಸಿ, "ಅಲುಗಬೇಡಿ ಮಾರಾಯ್ರೆ, ಇನ್ನೊಮ್ಮೆ ಕೂಗ್ತದೆ" ಎಂದು ಪಿಸುಗುಟ್ಟಿದರು.

ನಾನು ಗಂಭೀರವಾಗಿ ಬಂದು ಕುಳಿತೆ. ಮುಂದಿನ ಸರದಿ ರಬ್ಬರ್ ತೋಟದ ಮುದಿ ಮಲಯಾಳಿ ಚೇಟನದು. "ಮಂಗನಿಗೆ" ಎಂದು ಬರೆಸಿ, ಸಹಿ ಹಾಕಿ, ನನ್ನ ಕಿವಿಯ ಹತ್ತಿರ ಬಗ್ಗಿದ.

"ಕೂಗಿದ್ದು ಲಾಯ್ಕಾಯ್ತು ಸಾರ್. ಕೊನೆಗೆ ಸ್ವಲ್ಪ ಎಳೀಬೇಕಿತ್ತು. ಯಾರು ಕಲಿಸಿದ್ದು?"

"ನನ್ನ ಅಜ್ಜ," ಎಂದೆ. "ಅವರಿಗೂ ಮಂಗನ ಉಪದ್ರ ಇತ್ತು."